ಹಸಿರು ಚುಕ್ಕೆಯ ಮಟನ್ನು

ಅಡುಗೆ ಮಾಡುವವರು ರುಚಿ ನೋಡುವ ಮನೆಗಳುಂಟು, ನೋಡಬಾರದ ಮನೆಗಳುಂಟು. ನಮ್ಮದು ನೋಡಬಾರದ ಮನೆ. ಏನೇ ಬೇಯಿಸಿದರೂ ಮೊದಲು ಶಿವನಿಗೆ ಎಡೆ, ಆಮೇಲೆ ನಮ್ಮ ನಾಲಿಗೆಗೆ. ಮದುವೆಯಾಗಿ ಬಂದಾಗಿನಿಂದ ನಾನು ಉಪ್ಪನ್ನು ಕೈ ಅಂದಾಜಿನಲ್ಲಿ, ಖಾರವನ್ನು ಮೂಗಿನ ಅಂದಾಜಿನಲ್ಲಿ ಹಾಕುತ್ತಾ ಬಂದವಳು. ಹೆಚ್ಚುಕಮ್ಮಿಯಾದ ದಿನ ಶಿವ ಏನೂ ಅನ್ನುತ್ತಿರಲಿಲ್ಲ, ನಮ್ಮ ಯಜಮಾನರು ಅನ್ನುತ್ತಿದ್ದರು. ಈಗ ಅವರೂ ಶಿವನ ಪಾದ ಸೇರಿದ್ದಾರೆ. ಅಲ್ಲಿ ಊಟ ಹೇಗಿದೆಯೋ, ಯಾರನ್ನು ಬೈಯುತ್ತಿದ್ದಾರೋ.

ಇಂಥ ನಾನು ಈ ವಯಸ್ಸಿನಲ್ಲಿ ಸಿರಾದ ಅಂಗಡಿಗಳಲ್ಲಿ ಮಾಂಸವಿಲ್ಲದ ಮಾಂಸ ಹುಡುಕಿಕೊಂಡು ತಿರುಗಿದೆ. ಕಾರಣ ನನ್ನ ಮೊಮ್ಮಗ ಬಸವರಾಜನ ಹೆಂಡತಿ ಸುಜಾತ. ಅವಳು ಆಂಧ್ರದ ಗಡಿಯ ವೈ.ಎನ್.ಹೊಸಕೋಟೆ ಕಡೆಯ ಹುಡುಗಿ. ಅವರ ಮನೆಯಲ್ಲಿ ಭಾನುವಾರ ಬಂತೆಂದರೆ ಒಲೆಯ ಮೇಲೆ ಮಟನ್ ಸಾರು. ಇಬ್ಬರೂ ತಾವೇ ಇಷ್ಟಪಟ್ಟು ಮದುವೆಯಾದರು. ಅವಳು ತವರಿಗೆ ಹೋದಾಗ ತಿಂದು ಬರುತ್ತಿದ್ದಳು. ಬಂದ ಮೇಲೆ ನಾನೂ ಕೇಳುತ್ತಿರಲಿಲ್ಲ, ಅವಳೂ ಹೇಳುತ್ತಿರಲಿಲ್ಲ. ಮನೆ ಎನ್ನುವುದು ನಡೆಯುವುದೇ ಹಾಗೆ.

ಈಗ ಹುಡುಗಿ ಬಸುರಿ. ಏನು ತಿಂದರೂ ಹೊಟ್ಟೆಯಲ್ಲಿ ನಿಲ್ಲದು. ಡಾಕ್ಟರಮ್ಮ, ಬಸ್ಸು ಹತ್ತಬೇಡ, ಮಲಗಿರು, ಚೆನ್ನಾಗಿ ತಿನ್ನು ಎಂದರು. ತಿನ್ನು ಎಂದು ಹೇಳಿ ಕಳಿಸುವುದಕ್ಕೆ ಏನು ಖರ್ಚು? ನನ್ನ ಬೇಳೆಸಾರು ಕಂಡರೆ ಅವಳು ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದಳು. ಕೆನ್ನೆ ಒಳಗೆ ಹೋಗಿತ್ತು, ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಒಂದು ದಿನ ಬಸವರಾಜ, ಹೋಟೆಲಿನಿಂದ ಬಿರಿಯಾನಿ ತಂದುಕೊಡುತ್ತೇನೆ ಎಂದು ಮೆಲ್ಲಗೆ ಹೇಳುತ್ತಿದ್ದ. ಅವಳು, "ಅಜ್ಜಿ ಇರೋ ಮನೇಗೆ ಬ್ಯಾಡ ಕಣ್ರೀ, ಅವ್ರು ಬೇಜಾರ್ ಮಾಡ್ಕೊಂತಾರೆ" ಎಂದಳು. ನನಗೆ ಕಿವಿ ಮಂದ ಎಂದು ಇವರು ನಂಬಿದ್ದಾರೆ. ಅನುಕೂಲವಾಗಿರುವುದರಿಂದ ನಾನೂ ತಿದ್ದಲು ಹೋಗಿಲ್ಲ.

ಬೇಜಾರು ಮಾಡಿಕೊಳ್ಳುತ್ತಿದ್ದೆನೇ? ಮಾಡಿಕೊಳ್ಳುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಆದರೆ ಎರಡು ಜೀವದ ಹುಡುಗಿ ನನ್ನ ಮುಖ ನೋಡಿಕೊಂಡು ಹಸಿದಿರುವುದು ಅದಕ್ಕಿಂತ ದೊಡ್ಡ ಬೇಜಾರು.

ಈಗ ಮಾಂಸವಿಲ್ಲದ ಮಾಂಸ ಪ್ಯಾಕೆಟ್ಟಿನಲ್ಲಿ ಬರುತ್ತದಂತಲ್ಲ, ತಗೊಂಡು ಬಾ ಎಂದು ಬಸವರಾಜನಿಗೆ ನಾನೇ ಹೇಳಿದೆ. ಅವನು ಮೊದಲು ತಂದದ್ದು ಬರ್ಗರಿನ ಬಿಲ್ಲೆಗಳು. ಕಲ್ಲಿನಂತೆ ಹೆಪ್ಪುಗಟ್ಟಿದ್ದವನ್ನು ಹಂಚಿನ ಮೇಲೆ ಕಾಯಿಸಿ, ಬನ್ನು ಸೀಳಿ ನಡುವೆ ಇಟ್ಟುಕೊಟ್ಟೆ. ಹುಡುಗಿ ಒಂದು ಸಲ ಕಚ್ಚಿ, ಆಲೂಗಡ್ಡೆ ಬೋಂಡದ ಮೇಲೆ ಯಾರೋ ಕೂತುಬಿಟ್ಟಿದ್ದಾರೆ ಅಜ್ಜಿ ಎಂದಳು. ಎರಡನೆಯ ಸಲ ತಂದದ್ದು ಸೋಯಾ ಉಂಡೆ. ನೆನೆಸಿ ಹಿಂಡಿದರೆ ಪಾತ್ರೆ ಉಜ್ಜುವ ಸ್ಪಂಜಿನಂತೆ ಉಸಿರು ಬಿಟ್ಟವು. ಅದನ್ನು ಅವಳ ಮುಂದೆ ಇಡುವುದಕ್ಕೇ ನನಗೆ ನಾಚಿಕೆಯಾಯಿತು.

ಗಂಡಸರನ್ನು ಸಂತೆಗೆ ಕಳಿಸಿದರೆ ಆಗುವುದು ಇಷ್ಟೇ ಎಂದುಕೊಂಡು ನಾನೇ ಹೊರಟೆ. ದೊಡ್ಡ ಅಂಗಡಿಯೊಂದರಲ್ಲಿ ಗಾಜಿನ ಮುಚ್ಚಳದ ಐಸ್ ಪೆಟ್ಟಿಗೆ ಇತ್ತು. ಇದರಲ್ಲಿ ಯಾವುದಮ್ಮ ಥೇಟ್ ಮಟನ್ ಹಾಗೇ ಇರೋದು ಎಂದು ಅಲ್ಲಿದ್ದ ಹುಡುಗಿಯನ್ನು ಕೇಳಿದೆ. ಅವಳು ನನ್ನ ಹಣೆಯ ವಿಭೂತಿಯನ್ನು ನೋಡಿ, "ಹೇಳ್ತೀನಿ ಅಜ್ಜಿ, ಆದ್ರೆ ನಿಮಗೆ ಹೆಂಗ್ ಗೊತ್ತಾಗ್ತೈತೆ?" ಎಂದಳು. ಪ್ರಶ್ನೆ ಸರಿಯಾಗಿಯೇ ಇತ್ತು. ಅದಕ್ಕೇ ನನಗೆ ಕೋಪ ಬಂತು. ಕೊನೆಗೆ ಅವಳು ತೋರಿಸಿದ ಕೈಮಾದ ಪ್ಯಾಕೆಟ್ಟನ್ನೇ ತಂದೆ. ಅದರ ಮೇಲಿನ ಇಂಗ್ಲಿಷು ನನಗೆ ಬಾರದು, ಹಸಿರು ಚುಕ್ಕೆ ಮಾತ್ರ ಗುರುತು ಸಿಕ್ಕಿತು.

ಎದುರು ಮನೆಯಲ್ಲಿ ಬಟ್ಟೆ ಹೊಲಿಯುವ ಜುಬೇದಾ ಮಸಾಲೆ ಹೇಳಿಕೊಟ್ಟಳು. ಚಕ್ಕೆ, ಲವಂಗ, ಗಸಗಸೆ, ಕಾಯಿ ರುಬ್ಬಿ ಹಾಕಿ, ಹುಣಸೆಹಣ್ಣಿನ ತಂಟೆಗೆ ಮಾತ್ರ ಹೋಗಬೇಡಿ ಎಂದಳು. ಹಾಗೇ ಮಾಡಿದೆ. ಮಾಡಿದ್ದನ್ನು ಶಿವನ ಮುಂದೆ ಇಟ್ಟು, "ಹೆಸರು ಅಂಗೈತೆ ಅಷ್ಟೇ ಕಣಪ್ಪ, ಒಳಗೆ ಇರೋದು ಬರೀ ಕಾಳು" ಎಂದು ಹೇಳಿಕೊಂಡೆ. ಶಿವ ಒಪ್ಪಿಕೊಂಡ. ಸುಜಾತ ಆಸೆಯಿಂದ ಎದ್ದು ಕೂತು, ಒಂದು ತುತ್ತು ಬಾಯಿಗಿಟ್ಟು, ಚೊಂಬಿನ ನೀರನ್ನೆಲ್ಲ ಕುಡಿದಳು. "ಉಪ್ಪು ಎಕ್ಕುವಾಯ್ತು ಅಜ್ಜಿ" ಎಂದಳು. ಸಂಕಟವಾದರೆ ಅವಳ ಬಾಯಿಗೆ ತೆಲುಗು ಬರುತ್ತದೆ. ಉಪ್ಪು ಹೆಚ್ಚಾಯಿತು ಎಂದು ಅರ್ಥ. ಅಂದು ಮತ್ತೆ ಉಪವಾಸ. ಜುಬೇದಾ ಕೇಳಿ, "ಯಾ ಅಲ್ಲಾ, ಪ್ಯಾಕೆಟ್‌ನಾಗೇ ಉಪ್ಪು ಹಾಕಿರ್ತಾರಲ್ಲ ಅಮ್ಮಾ, ಬಾಯಿಗಿಟ್ಟು ನೋಡ್ಲಿಲ್ವಾ ನೀವು?" ಎಂದಳು.

ನೋಡಿರಲಿಲ್ಲ. ನೋಡುವ ಮನೆಯಲ್ಲವಲ್ಲ ನಮ್ಮದು.

ಎರಡು ದಿನ ಬಿಟ್ಟು ಅದೇ ಪ್ಯಾಕೆಟ್ಟು ಮತ್ತೆ ತಂದೆ. ಬಾಣಲಿಯಲ್ಲಿ ಮಸಾಲೆ ಕುದಿಯುತ್ತಿತ್ತು. ಒಳಗಿನ ಕೋಣೆಯಲ್ಲಿ ಹುಡುಗಿ ಮೊಣಕಾಲಿಗೆ ಹಣೆ ಕೊಟ್ಟು ಕೂತಿದ್ದಳು. ಸೌಟು ಹಿಡಿದುಕೊಂಡು ದೇವರ ಕಡೆ ನೋಡಿದೆ, ಅವಳ ಕಡೆ ನೋಡಿದೆ. ದೇವರಿಗೆ ಹಸಿವಾದ ಹಾಗೆ ಕಾಣಲಿಲ್ಲ. ಅಂಗೈಗೆ ಒಂದು ಚೂರು ಹಾಕಿಕೊಂಡು ಬಾಯಿಗಿಟ್ಟೆ. ಉಪ್ಪು ಸರಿಯಾಗಿತ್ತು. ಖಾತ್ರಿಯಾಗಲಿ ಎಂದು ಇನ್ನೊಂದು ಚೂರು ತಿಂದೆ. ಮೂರನೆಯದಕ್ಕೆ ಉಪ್ಪಿನ ನೆಪವೂ ಇರಲಿಲ್ಲ. ನಾನು ರುಚಿ ನೋಡಿದ್ದನ್ನು ಎಡೆ ಇಡಲು ಮನಸ್ಸಾಗದೆ ಶಿವನ ಮುಂದೆ ಎರಡು ಬಾಳೆಹಣ್ಣು ಇಟ್ಟು, ಇವತ್ತಿಗೆ ಇಷ್ಟೇ ಎಂದೆ.

ಸುಜಾತ ಮುದ್ದೆ ಮುರಿದು, ಅದ್ದಿ, ನುಂಗಿದಳು. ನಾನು ಅವಳ ಗಂಟಲನ್ನೇ ನೋಡುತ್ತಿದ್ದೆ.

"ಮಟನ್ ಥರ ಇಲ್ಲ ಅಜ್ಜಿ."

"ಮತ್ತೆ ಹೆಂಗೈತೆ?"

"ಇನ್ನೊಂದ್ ಸೌಟು ಹಾಕಿ."

ಹಾಕಿದೆ. ಮುದ್ದೆ ಪೂರ್ತಿ ಮುಗಿಸಿದಳು. ಬಚ್ಚಲ ಕಡೆ ಓಡುತ್ತಾಳೇನೋ ಎಂದು ಚೊಂಬು ಹಿಡಿದು ಕಾದೆ. ಓಡಲಿಲ್ಲ. ಗೋಡೆಗೆ ಒರಗಿ ಕಣ್ಣು ಮುಚ್ಚಿ ಸಣ್ಣಗೆ ತೇಗಿದಳು. ಅಷ್ಟು ಇಂಪಾದ ತೇಗನ್ನು ನಾನು ಇದುವರೆಗೆ ಕೇಳಿಲ್ಲ.

ಆಮೇಲೆ ಬಾಣಲಿಯಲ್ಲಿ ಉಳಿದದ್ದನ್ನು ತಿನ್ನುತ್ತಾ ಕೂತಾಗ ನನ್ನ ತಲೆಗೆ ಒಂದು ಯೋಚನೆ ಬಂತು. ವಿಭೂತಿ ಹಚ್ಚುವವರ ತಲೆಗೆ ಬರಬಾರದಂಥದು. ತಡೆಯಲಾರದೆ ಕೇಳಿಯೇಬಿಟ್ಟೆ. "ಅಲ್ಲ ಕಣಮ್ಮ, ನಿಜವಾದ್ದು ಇದಕ್ಕಿಂತ ಚೆನ್ನಾಗಿರ್ತೈತಾ?"

ಹುಡುಗಿ ಕಣ್ಣು ಬಿಟ್ಟು ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. "ಇಲ್ಲ ಬುಡಿ ಅಜ್ಜಿ, ಇದೇ ವಾಸಿ" ಎಂದಳು.

ಸುಳ್ಳು ಹೇಳಲು ಅವಳಿಗೆ ಸರಿಯಾಗಿ ಬರುವುದಿಲ್ಲ. ನನ್ನ ಕುಲ ಕಾಪಾಡಲು ಹೊರಟಿದ್ದಾಳೆ, ಪಾಪ. ನಾನು ಬಾಣಲಿಯ ತಳ ಕೆರೆದೆ.