ಎದುರಿಗೆ ಬರುವ ವಿಮಾನ

ಇಪ್ಪತ್ತೆರಡು ವರ್ಷಗಳಿಂದ ಬೀದರಿನ ಒಂದು ಹೈಸ್ಕೂಲಿನಲ್ಲಿ ಮಕ್ಕಳಿಗೆ ದಿಕ್ಕುಗಳನ್ನು ಕಲಿಸುತ್ತಿದ್ದೇನೆ. ಆದರೂ ಎಡ ಯಾವುದು, ಬಲ ಯಾವುದು ಎಂಬುದರಲ್ಲಿ ನನಗೆ ಅರ್ಧ ಮಾತ್ರ ಗ್ಯಾರಂಟಿ. ಅರ್ಧ ಎಂದದ್ದಕ್ಕೆ ಕಾರಣವಿದೆ. ನನ್ನಿಂದ ದೂರ ಹೋಗುವುದನ್ನೆಲ್ಲ ಚೆನ್ನಾಗಿಯೇ ನಿಭಾಯಿಸುತ್ತೇನೆ. ಎದುರಿಗೆ ಬರುವುದೇ ಕಷ್ಟ. ಓಣಿಯಲ್ಲಿ ಎದುರಿಗೆ ಬಂದವರು ಯಾವ ಕಡೆ ಸರಿಯುತ್ತಾರೋ ನಾನೂ ಅದೇ ಕಡೆ ಸರಿಯುತ್ತೇನೆ. ಅವರು ಈಚೆ ಬಂದರೆ ನಾನೂ ಈಚೆ. ನಮ್ಮ ಹೆಡ್‌ಮಾಸ್ತರರ ಜೊತೆ ವರಾಂಡದಲ್ಲಿ ಹೀಗೆ ಎರಡು ಮೂರು ಸಲ ಕುಣಿದ ಮೇಲೆ, ಈಗ ಅವರು ನನ್ನನ್ನು ಕಂಡ ಕೂಡಲೆ ಗೋಡೆಗೆ ಆತು ನಿಂತುಬಿಡುತ್ತಾರೆ. ನಾನು ದಾಟಿಹೋದ ಮೇಲೆಯೇ ಮುಂದೆ ನಡೆಯುತ್ತಾರೆ.

ಇಂಥವನು ರಿಮೋಟ್ ವಿಮಾನ ಹಾರಿಸುವವರ ಕ್ಲಬ್ಬು ಸೇರಬಾರದಿತ್ತು. ಸೇರಿಸಿದ್ದು ಖಾಜಾ ಭಾಯಿ. ಅವರದು ಆಟೊಗಳಿಗೆ ಸೀಟು ಹೊಲಿಯುವ ಅಂಗಡಿ. ನನ್ನ ಸ್ಕೂಟರಿನ ಸೀಟು ಹರಿದಾಗ ಹೋಗಿದ್ದೆ. ಸೀಟಿನ ಮಾತು ಮುಗಿಯುವ ಮೊದಲೇ ಅಟ್ಟದಿಂದ ಥರ್ಮಕೋಲಿನ ವಿಮಾನವೊಂದನ್ನು ಇಳಿಸಿ ತೋರಿಸಿದರು. "ಆಟಿಕೆ ಸಾಮಾನು ಚೆನ್ನಾಗಿದೆ" ಎಂದೆ. ಭಾಯಿಯ ಮುಖ ಸಣ್ಣದಾಯಿತು. ಆ ತಪ್ಪನ್ನು ಸರಿಪಡಿಸಲೆಂದೇ ಮುಂದಿನ ಭಾನುವಾರ ಅವರ ಜೊತೆ ಹೊರಟೆ, ಅಷ್ಟೇ.

ಬೀದರಿನ ಆಕಾಶದಲ್ಲಿ ವಾಯುಪಡೆಯ ಅಸಲಿ ವಿಮಾನಗಳು ಓಡಾಡುತ್ತವೆ, ಅಲ್ಲಿ ನಮ್ಮ ಥರ್ಮಕೋಲು ಏಳುವಂತಿಲ್ಲ. ಜನವಾಡದ ಹತ್ತಿರ ಒಳ್ಳೆಯ ಬಯಲಿದೆ, ಅದೂ ಅವುಗಳ ದಾರಿಗೆ ಹತ್ತಿರವೆಂದು ಬೇಡವಾಯಿತು. ಹೀಗಾಗಿ ಭಾನುವಾರ ಬೆಳಿಗ್ಗೆ ರೆಕ್ಕೆಗಳನ್ನು ಬೈಕಿಗೆ ಕಟ್ಟಿಕೊಂಡು, ಭಾಲ್ಕಿಯಲ್ಲಿ ಚಹಾ ಕುಡಿದು, ಮೆಹಕರದಾಚೆ ಶಾಂತಾಬಾಯಿಯವರ ಹೊಲಕ್ಕೆ ಹೋಗುತ್ತೇವೆ. ಬೆಳೆ ಬಾರದ ಒಂದು ಉದ್ದನೆಯ ಕಲ್ಲುಪಟ್ಟಿ, ಅದರಾಚೆ ಆಳೆತ್ತರದ ತೊಗರಿ. ಕಲ್ಲುಪಟ್ಟಿ ನಮಗೆ, ತೊಗರಿ ಅವರಿಗೆ. ಮೊದಲ ದಿನವೇ ಆ ತಾಯಿ ಕಾನೂನು ಹೇಳಿಬಿಟ್ಟಿದ್ದರು: "ನೋಡ್ರಿ ಮಾಸ್ತರ್ರ, ತೊಗರ್ಯಾಗ ಯಾರ ಇಮಾನ ಬೀಳ್ತದ, ಅವರು ಒಂದು ಸಾಲು ಕಸ ತೆಗದೇ ಮನಿಗಿ ಹೋಗ್ಬೇಕು." ಈ ವರ್ಷ ಶಾಂತಾಬಾಯಿ ಕಳೆ ಕೀಳಲು ಆಳು ಕರೆದದ್ದು ಕಡಿಮೆ. ನಾನಿದ್ದೆನಲ್ಲ.

ನಮಗೆ ಹಾರಿಸಲು ಕಲಿಸುವವನು ಸಿದ್ಧಾರ್ಥ. ಔರಾದಿನಲ್ಲಿ ದನಗಳ ಆಸ್ಪತ್ರೆಯಲ್ಲಿ ಕೆಲಸ, ಒದೆಯುವ ಎಮ್ಮೆಗೂ ಸಮಾಧಾನದಿಂದ ಸೂಜಿ ಚುಚ್ಚುವ ಮನುಷ್ಯ. ಆ ಸಮಾಧಾನವನ್ನೆಲ್ಲ ನನ್ನ ಮೇಲೆ ಖರ್ಚು ಮಾಡಿದ. ವಿಮಾನ ದೂರ ಹೋಗುವಾಗ ಅದರ ಎಡವೂ ನನ್ನ ಎಡವೂ ಒಂದೇ. ತಿರುಗಿ ನನ್ನ ಕಡೆಗೆ ಹೊರಟ ಕೂಡಲೆ ಅದರ ಎಡ ನನ್ನ ಬಲವಾಗುತ್ತದೆ. ಎಲ್ಲರಿಗೂ ಮೊದಮೊದಲು ಹೀಗಾಗುತ್ತದಂತೆ, ಎರಡು ಮೂರು ವಾರದಲ್ಲಿ ಹೋಗುತ್ತದಂತೆ. ನನಗೆ ಹೋಗಲಿಲ್ಲ. ಬಾಗಿದ ರೆಕ್ಕೆಯ ಕಡೆಗೇ ರಿಮೋಟಿನ ಕಡ್ಡಿ ದೂಡಿ ಎಂದು ಸಿದ್ಧಾರ್ಥ ಹೇಳಿಕೊಟ್ಟ. ಯಾವ ರೆಕ್ಕೆ ಬಾಗಿದೆ ಎಂದು ನೋಡುವಷ್ಟರಲ್ಲಿ ವಿಮಾನ ತೊಗರಿಯಲ್ಲಿರುತ್ತಿತ್ತು. ಖಾಜಾ ಭಾಯಿಯ ಹಳೆಯ ಹಳದಿ ವಿಮಾನಕ್ಕೆ ನನ್ನ ದೆಸೆಯಿಂದ ಎಷ್ಟು ತೇಪೆ ಬಿದ್ದವೆಂದರೆ, ಕೊನೆಗೆ ಅದರಲ್ಲಿ ಹಳೆಯದಾಗಿ ಉಳಿದದ್ದು ಬಣ್ಣವೊಂದೇ.

ಆದರೆ ಬಿದ್ದ ವಿಮಾನ ಹುಡುಕುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ, ಇದನ್ನೂ ಹೇಳಿಬಿಡುತ್ತೇನೆ. ಅದು ಬೀಳುವಾಗ ಹಿಂದಿನ ಬೇವಿನ ಮರವನ್ನೋ ಲೈಟಿನ ಕಂಬವನ್ನೋ ಗುರುತಿಟ್ಟುಕೊಂಡು, ಗೆರೆ ಎಳೆದಂತೆ ತೊಗರಿಯೊಳಗೆ ನಡೆದರೆ ಕಾಲಿಗೇ ಸಿಗುತ್ತದೆ. ಭೂಗೋಳ ಓದಿದ್ದು ಇಲ್ಲಾದರೂ ಉಪಯೋಗಕ್ಕೆ ಬಂತು. ಬೇರೆಯವರ ವಿಮಾನ ಬಿದ್ದರೂ ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಮನೆಯಲ್ಲಿ ಹೆಂಡತಿ ಸುವರ್ಣಾ ಮಾತ್ರ ಭಾನುವಾರ ಸಂಜೆ ನನ್ನ ಅಂಗಿಯ ಜೇಬನ್ನು ಪೇಪರಿನ ಮೇಲೆ ಕೊಡವಿ, ಉದುರಿದ ತೊಗರಿ ಎಲೆ, ಹಳದಿ ಹೂವು ನೋಡಿ ಕೇಳುತ್ತಿದ್ದಳು: "ನೀವು ಇಮಾನ ಹಾರ್ಸಲಾಕ ಹೋಗ್ತೀರೋ, ಹುಡುಕ್ಲಾಕ ಹೋಗ್ತೀರೋ?" ನನಗೆ ಉತ್ತರ ಗೊತ್ತಿತ್ತು, ಅದಕ್ಕೇ ಸಿಟ್ಟು ಬರುತ್ತಿತ್ತು. ಒಂದೇ ಒಂದು ಸಲ ನಾನೇ ಹಾರಿಸಿ, ನಾನೇ ಕಲ್ಲುಪಟ್ಟಿಯ ಮೇಲೆ ಇಳಿಸಿ, ಖಾಲಿ ಜೇಬಿನಲ್ಲಿ ಮನೆಗೆ ಹೋಗಬೇಕು. ಈ ವಯಸ್ಸಿನಲ್ಲಿ ನಾನು ಅಷ್ಟು ಆಸೆಪಟ್ಟದ್ದು ಬೇರೆ ಯಾವುದಕ್ಕೂ ಅಲ್ಲ.

ಹೋದ ತಿಂಗಳು ಆ ಭಾನುವಾರವೂ ಬಂತು. ಹಳದಿ ವಿಮಾನ ಹೋಯಿತು, ತಿರುಗಿತು, ನನ್ನ ಕಡೆಗೆ ಹೊರಟಿತು. ಪಕ್ಕದಲ್ಲಿದ್ದ ಸಿದ್ಧಾರ್ಥ ಮೆಲ್ಲಗೆ, "ಸರ್, ಅದಕ್ಕ ಬೆನ್ನ ಮಾಡಿ ನಿಂದರ್ರಿ. ಹೆಗಲ ಮ್ಯಾಲಿಂದ ಹೊಳ್ಳಿ ನೋಡ್ರಿ" ಎಂದ. ತಿರುಗಿ ನಿಂತೆ. ಈಗ ಅದು ಹೋಗುವ ಕಡೆಗೇ ನನ್ನ ಮುಖ, ಅದರ ಎಡವೇ ನನ್ನ ಎಡ. ಕತ್ತು ಹಿಡಿದುಕೊಂಡಿತು, ಆದರೆ ಕೈ ತಪ್ಪಲಿಲ್ಲ. ಹಳದಿ ವಿಮಾನ ನನ್ನ ಪಕ್ಕದಲ್ಲೇ ಹಾದು ಕಲ್ಲುಪಟ್ಟಿಯ ಮೇಲೆ ಎರಡು ಸಲ ಜಿಗಿದು ನಿಂತಿತು. ನನಗೆ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ.

ಆ ಖುಷಿಯಲ್ಲಿ ಖಾಜಾ ಭಾಯಿ ತಮ್ಮ ಹೊಸ ಕೆಂಪು ವಿಮಾನವನ್ನು ಮೇಲೆ ಬಿಟ್ಟರು. ಮೂರು ತಿಂಗಳು ಅಂಗಡಿ ಮುಚ್ಚಿದ ಮೇಲೆ ಕೂತು ಮಾಡಿದ್ದು. ನಾನು ತೊಗರಿಗೆ ಬೆನ್ನು ಮಾಡಿ ಒಬ್ಬೊಬ್ಬರ ಕೈ ಕುಲುಕುತ್ತಿದ್ದೆ. ಭಾಯಿ ಒಂದು ಗಳಿಗೆ ನನ್ನ ಕಡೆ ಮುಖ ತಿರುಗಿಸಿ "ಮುಬಾರಕ್ ಸರ್, ಆಖಿರ್ ಇಳಿಸಿದ್ರಿ" ಎಂದರು. ನಾನೂ ಅವರ ಮುಖ ನೋಡಿ ನಕ್ಕೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಮತ್ತೆ ತಲೆ ಎತ್ತಿದಾಗ ಆಕಾಶದಲ್ಲಿ ಏನೂ ಇರಲಿಲ್ಲ.

ಅಭ್ಯಾಸಬಲದಿಂದ ಎಲ್ಲರ ಕಣ್ಣುಗಳೂ ನನ್ನ ಮೇಲೆ ನೆಟ್ಟವು. ಯಾವ ಮರ, ಯಾವ ಕಂಬ? ಯಾರು ನೋಡಿದ್ದರು? ಬಿಸಿಲು ಏರುವ ತನಕ ಸಾಲು ಸಾಲು ಹೊಕ್ಕು ತಿರುಗಿದೆ, ಸಿಗಲಿಲ್ಲ. ಖಾಜಾ ಭಾಯಿ ಒಂದು ಮಾತು ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. ಶಾಂತಾಬಾಯಿ ಮಾತ್ರ, "ಇರ್ಲಿ ಬಿಡ್ರಿ, ತೊಗರಿ ಕೊಯ್ಯೂಮುಂದ ಸಿಗ್ತದ" ಎಂದು ಸಮಾಧಾನ ಹೇಳಿ, ಒಂದು ಸಾಲಿನ ಕಡೆ ಬೆರಳು ತೋರಿಸಿದರು. ವಿಮಾನ ಭಾಯಿಯದಾದರೂ ಕಸ ನಾನೇ ತೆಗೆದೆ.

ಸಂಜೆ ಮನೆಗೆ ಬಂದವನೇ, ಇವತ್ತು ನಾನೇ ಇಳಿಸಿದೆ ಎಂದು ಸುವರ್ಣಾಗೆ ಹೇಳಿದೆ. ಅವಳು ಪೇಪರು ಹಾಸಿ ಅಂಗಿ ಕೊಡವಿದಳು. ಎರಡು ಜೇಬು, ಕಾಲರು, ಮಡಚಿದ ತೋಳು, ಎಲ್ಲ ಕಡೆಯಿಂದಲೂ ಎಲೆ ಉದುರಿತು. ಅಷ್ಟು ತೊಗರಿ ಎಲೆ ನಮ್ಮ ಮನೆಗೆ ಯಾವ ಭಾನುವಾರವೂ ಬಂದಿರಲಿಲ್ಲ. "ಹೌದೇನ್ರಿ, ಭಾಳ ಚೊಲೊ ಆತು" ಎಂದು ಪೇಪರು ಮಡಚಿಕೊಂಡು ಒಳಗೆ ಹೋದಳು.