ಬಸವಂತಮ್ಮನ ಎಡಗಣ್ಣು

“ಇನ್ ಮ್ಯಾಲೆ ನಿನ್ನ ಕಣ್ಣಾಗಿಂದ ಒಂದು ಹನಿ ನೀರು ಬಿದ್ರ ನಾ ಮೀಸಿ ಬೋಳಸ್ತೀನಿ!” ಎಂದು ಮುದುಕಪ್ಪ ಕಣ್ಣಿನ ಡಾಕ್ಟರ ಮನೆಯೆದುರೇ, ಜಟಕಾದವನ ಸಾಕ್ಷಿಯಾಗಿ, ಪ್ರತಿಜ್ಞೆ ಮಾಡಿದ.

ಪ್ರತಿಜ್ಞೆಗೆ ಕಾರಣವಿತ್ತು. ಹೆಂಡತಿ ಬಸವಂತಮ್ಮನ ಎಡಗಣ್ಣಿನ ನೀರು ಹೋಗುವ ನಾಳ ಮುಚ್ಚಿಕೊಂಡು ವರ್ಷಗಳಾಗಿದ್ದವು. ರೊಟ್ಟಿ ಬಡಿಯುವಾಗಲೂ ನೀರು, ನಗುವಾಗಲೂ ನೀರು. ಅವಳ ತವರೂರು ಮಲ್ಲಟದಿಂದ ಬಂದಾಗಲೆಲ್ಲ ಅತ್ತೆ ಶರಣಮ್ಮನದು ಒಂದೇ ಪ್ರಶ್ನೆ: “ಅಳಿಯಾ, ನನ್ನ ಮಗಳನ್ನ ಯಾಕ ಅಳಸಾಕತ್ತೀರಿ?”

“ಅತ್ತಿ, ಬಸವಣ್ಣನ ಆಣಿ, ಅದು ನಾಳ ಮುಚ್ಚಿದ್ದು!”

“ಗಂಡನ ಮನ್ಯಾಗ ಹೆಂಗಸಿನ ಕಣ್ಣಾಗ ನೀರು ಬರಾಕ ನಾಳ ಬ್ಯಾರೆ ಮುಚ್ಚಬೇಕೇನು?”

ತನ್ನ ಮಾನ ಉಳಿಸಿಕೊಳ್ಳಲೆಂದೇ ಮುದುಕಪ್ಪ ಹೆಂಡತಿಯ ಆಪರೇಶನ್ ಮಾಡಿಸಿದ. ಡಾಕ್ಟರು ನಾಳ ಬಿಡಿಸಿ, ರೆಪ್ಪೆಯ ಮೂಲೆಗೆ ಹೊಲಿಗೆ ಹಾಕಿ, ಪಟ್ಟಿ ಕಟ್ಟಿ ಹೇಳಿದರು: “ಹೊಲಿಗೆ ಬಿಚ್ಚೋತನ ಹೊಗೆ ತಾಗಬಾರದು, ಬಗ್ಗಬಾರದು. ತಾಗಿದರೆ ಮತ್ತೆ ಮೊದಲಿನಂಗೇ!”

ಬಗ್ಗದೆ, ಹೊಗೆ ಕುಡಿಯದೆ ಮಾಡುವ ಮನೆಗೆಲಸ ಯಾವುದೆಂದು ಬಸವಂತಮ್ಮ ದಾರಿಯುದ್ದಕ್ಕೂ ಯೋಚಿಸಿದಳು. ಒಂದೂ ಹೊಳೆಯಲಿಲ್ಲ.

“ಚಿಂತಿ ಬಿಡು,” ಅಂದ ಅಕ್ಕಿ ಮಿಲ್ಲಿನ ಮೇಸ್ತ್ರಿ ಮುದುಕಪ್ಪ. “ನಲವತ್ತು ಮಂದಿ ಹಮಾಲರನ್ನ ಆಡಸಾಂವ ನಾನು. ಒಂದು ಒಲಿ ಏನು ಮಹಾ?”

“ಹಮಾಲರು ಉಕ್ಕಂಗಿಲ್ರಿ. ಹಾಲು ಉಕ್ಕತದ.”

ಹಾಲು ಉಕ್ಕಿತು. ಆದರೆ ಒಂದೇ ಸಲ. ಆಮೇಲೆ ಬಸವಂತಮ್ಮ ಪಡಸಾಲೆಯ ಹೊರಸಿನ ಮೇಲೆ ಎರಡೂ ಕಣ್ಣು ಮುಚ್ಚಿ ಮಲಗಿ, ಕಿವಿ ಮೂಗುಗಳಿಂದಲೇ ರಾಜ್ಯಭಾರ ವಹಿಸಿಕೊಂಡಳು. “ಹಾಲು ಏರಾಕತ್ತದ, ಇಳಸ್ರಿ.” “ನಳ ಬಂತು, ಕೊಡ ಹಿಡೀರಿ.” “ಬೆಕ್ಕು ಮಸರಿನ ಕಡಿ ಹೊಂಟದ.” ಮುದುಕಪ್ಪ ತಿರುಗಿ ನೋಡಿದರೆ ಬೆಕ್ಕು ಹೊರಟೇ ಇತ್ತು! ಎರಡು ಕಣ್ಣಿದ್ದೂ ತನಗೆ ಕಾಣದ್ದು ಇವಳಿಗೆ ಹೇಗೆ ಕಾಣುತ್ತದೆಂದು ಅವನು ಬೆರಗಾದ.

ಮರುದಿನ ಮಧ್ಯಾಹ್ನ ಓಣಿಯ ಹೆಂಗಸರು ರೋಗಿಯನ್ನು ಮಾತಾಡಿಸಲು ದಂಡು ಕಟ್ಟಿಕೊಂಡು ಬಂದರು. ಮಾತಾಡಿಸಲು ಬಂದವರನ್ನು ಹಾಗೇ ಕಳಿಸುವುದುಂಟೇ? ಚಹಾ ಆಗಬೇಕು, ಮಂಡಕ್ಕಿ ಒಗ್ಗರಣೆ ಆಗಬೇಕು. ಬಸವಂತಮ್ಮ ರೂಢಿಯಂತೆ ಕಾಲು ಕೆಳಗಿಟ್ಟಳು.

“ಏಳಬ್ಯಾಡ! ನಾ ಸತ್ತೀನೇನು?” ಎಂದು ಗುಡುಗಿ ಮುದುಕಪ್ಪ ಒಳಗೆ ನಡೆದ.

ಬಾಣಲೆಗೆ ಎಣ್ಣೆ ಬಿತ್ತು. ಹೊಗೆ ಹೊರಗೆ ಹೋದರೆ ಓಣಿ ನಕ್ಕೀತೆಂದು ಮೇಸ್ತ್ರಿ ಹಿತ್ತಲ ಕಿಟಕಿಯನ್ನು ಭದ್ರವಾಗಿ ಮುಚ್ಚಿದ!

ಕಿಟಕಿ ಮುಚ್ಚಿದ ಸದ್ದು ಬಸವಂತಮ್ಮನ ಕಿವಿಗೆ ಬಿತ್ತು. ಎಣ್ಣೆ ಕಾದು ಹೊಗೆಯಾಡುವ ವಾಸನೆ ಮೂಗಿಗೆ ಬಂತು. ಗುಂಟೂರು ಮೆಣಸಿನಕಾಯಿಯ ಡಬ್ಬಿ ಸದ್ದು ಮಾಡಿದ್ದೇ ತಡ, ಮೆಲ್ಲಗೆ ಎದ್ದು, ಕೋಳಿ ಹತ್ತದಿರಲೆಂದು ಹೊರಸನ್ನು ಗೋಡೆಗೆ ನೆಟ್ಟಗೆ ನಿಲ್ಲಿಸಿ, ಪಕ್ಕದ ಬಡೇಬೀ ಮನೆಗೆ ಹೋಗಿಬಿಟ್ಟಳು. “ನೀವೂ ಬರ್ರಿ” ಎಂದು ಕರೆದರೂ ಹೆಂಗಸರು ಏಳಲಿಲ್ಲ. ಒಗ್ಗರಣೆ ಇನ್ನೂ ಬಂದಿರಲಿಲ್ಲವಲ್ಲ!

ಬಂದದ್ದು ಘಾಟು. ಹಿಡಿ ತುಂಬ ಮೆಣಸಿನಕಾಯಿ ಒಮ್ಮೆಗೇ ಕಾದೆಣ್ಣೆಗೆ ಬಿದ್ದಿತ್ತು. ಪಡಸಾಲೆ ತುಂಬ ಹೆಂಗಸರು ಸೆರಗು ಮುಖಕ್ಕೊತ್ತಿ ಬಿಕ್ಕತೊಡಗಿದರು. ಮೆಣಸಿನ ಕೈಯಿಂದಲೇ ಕಣ್ಣುಜ್ಜಿಕೊಂಡ ಮುದುಕಪ್ಪ ತಲೆ ಮೇಲೆ ಕೈ ಹೊತ್ತು ಹೊಸ್ತಿಲಲ್ಲಿ ಕುಸಿದ.

ಅದೇ ಗಳಿಗೆಗೆ ಬ್ರೆಡ್ಡು, ಬಾಳೆಹಣ್ಣು ಹಿಡಿದು ಬಂದವನು ಮಾನ್ವಿಯ ಭತ್ತದ ವ್ಯಾಪಾರಿ ಹಂಪಣ್ಣ. ಮನೆತುಂಬ ಅಳು, ರೋಗಿ ಇಲ್ಲ, ಹೆಣ ಎತ್ತಿದ ಮನೆಯಲ್ಲಿ ನಿಲ್ಲಿಸುವಂತೆ ಹೊರಸು ನೆಟ್ಟಗೆ ನಿಂತಿದೆ! ಆಪರೇಶನ್ ಅಂದರೆ ಆಪರೇಶನ್ನೇ, ಕೇಳುವುದೇನುಳಿದಿದೆ? ಹೊರಸಿಗೆ ಕೈ ಮುಗಿದು, ಹಣ್ಣು ಕಟ್ಟೆಯ ಮೇಲಿಟ್ಟು, ಮಲ್ಲಟಕ್ಕೆ ಸುದ್ದಿ ಮುಟ್ಟಿಸಲು ಸಿಕ್ಕ ಬಸ್ಸು ಹತ್ತಿದ.

ಸಂಜೆ ಮಲ್ಲಟದ ಟ್ರ್ಯಾಕ್ಟರ್ ಓಣಿಗೆ ಬಂತು. ಟ್ರೇಲರ್ ತುಂಬ ಬೀಗರು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ಬುಟ್ಟಿಗಟ್ಟಲೆ ರೊಟ್ಟಿ, ಪುಂಡಿ ಪಲ್ಯ, ಮೊಸರು ಬುತ್ತಿ ತಂದಿದ್ದರು. “ನನ್ನ ಮಗಳಽ!” ಎಂದು ಎದೆ ಬಡಿದುಕೊಳ್ಳುತ್ತ ಶರಣಮ್ಮ ಒಳಗೆ ನುಗ್ಗಿದಳು.

ಹೊರಸಿನ ಮೇಲೆ ಕೂತಿದ್ದ ಬಸವಂತಮ್ಮ ಗಾಬರಿಯಾದಳು. “ಯವ್ವಾ, ಯಾರು ಹೋದ್ರು?”

ಶರಣಮ್ಮನ ಅಳು ಅರ್ಧಕ್ಕೇ ನಿಂತಿತು. “ನೀನ ಹೋಗೀದಿ ಅಂತಲ್ಲವಾ!”

ಹಂಪಣ್ಣನ ಕಥೆ ಕೇಳಿ ಬಡೇಬೀ ಬಿದ್ದು ಬಿದ್ದು ನಕ್ಕಳು. “ಯಾ ಅಲ್ಲಾ! ಖಾರದ ಘಾಟಿಗೆ ಇಷ್ಟು ರೊಟ್ಟಿ?”

ಬಸವಂತಮ್ಮ ಬುಟ್ಟಿಗಳನ್ನೊಮ್ಮೆ ಒಂದೇ ಕಣ್ಣಿನಿಂದ ನೋಡಿದಳು. “ಬೇಷಾತು ಬಿಡ್ರಿ. ಬ್ಯಾನಿ ಬಿದ್ರ ಬಂದೋರಿಗೆ ನಾವ ಚಾ ಕಾಸಬೇಕು, ಸತ್ರ ಬಂದೋರೇ ರೊಟ್ಟಿ ತರ್ತಾರ. ಹೊಲಿಗಿ ಬಿಚ್ಚೋತನ ನಾ ಸತ್ತೀನಂತನ ಇರ್ಲಿ.”

ಶರಣಮ್ಮ ಮಗಳ ಗದ್ದ ಹಿಡಿದು ಪಟ್ಟಿಯ ಕೆಳಗೆ ಬೆರಳಾಡಿಸಿದಳು. ಕೆನ್ನೆ ಒಣ ಒಣ! ಮುದುಕಪ್ಪನ ಮೀಸೆ ಉಳಿಯಿತು. ಆದರೆ ಆ ಮೀಸೆಯ ಮೇಲೆ ಅವನ ಎರಡೂ ಕಣ್ಣುಗಳಿಂದ ಇನ್ನೂ ಧಾರಾಕಾರವಾಗಿ ನೀರು ಇಳಿಯುತ್ತಿತ್ತು.

ಶರಣಮ್ಮ ಅಳಿಯನನ್ನು ನೋಡಿದಳು. ಮಗಳನ್ನು ನೋಡಿದಳು. ಸೊಂಟದ ಮೇಲೆ ಕೈಯಿಟ್ಟು ಕೇಳಿದಳು: “ಏನವಾ, ನನ್ನ ಅಳಿಯನ್ನ ಯಾಕ ಅಳಸಾಕತ್ತೀದಿ?”

“ನಾನೇನೂ ಮಾಡಿಲ್ಲ, ಯವ್ವಾ,” ಅಂದಳು ಬಸವಂತಮ್ಮ. “ಒಂದಿನ ನನ್ನ ಕೆಲಸ ಮಾಡಿದ್ರು, ಅಷ್ಟ.”