ಗುಂಯ್ ಎನ್ನದ ಆಂಪ್ಲಿಫೈಯರ್

ಮುರುಗೇಂದ್ರಪ್ಪನ ಆಂಪ್ಲಿಫೈಯರ್‌ಗೆ ಇದ್ದದ್ದು ಒಂದೇ ಕಾಯಿಲೆ. ಅದು ಗುಂಯ್ ಎನ್ನುತ್ತಿತ್ತು. ಹಾಡು ಹಾಕಿದರೂ ಗುಂಯ್, ಹಾಕದಿದ್ದರೂ ಗುಂಯ್. ಸ್ವಿಚ್ ಒತ್ತಿದ ಕ್ಷಣದಿಂದ ಆರಿಸುವವರೆಗೆ ಗೋಡೆಯೊಳಗೆ ಜೇನು ಕಟ್ಟಿದಂತೆ ಒಂದೇ ಸಮನೆ ಗುಂಯ್.

ಚಳ್ಳಕೆರೆಯ ಶೇಂಗಾ ಎಣ್ಣೆ ಮಿಲ್ಲೊಂದರಲ್ಲಿ ಅವನು ಗುಮಾಸ್ತ. ಮೊಳಕಾಲ್ಮೂರಿನ ಟೆಂಟ್ ಸಿನಿಮಾ ಮುಚ್ಚಿ ಸಾಮಾನು ಮಾರಿದಾಗ ಬುದ್ಧಿ ಇದ್ದವರು ಕುರ್ಚಿ, ಬೆಂಚು, ತಗಡು ಕೊಂಡರು. ಇವನು ಇಪ್ಪತ್ತು ವರ್ಷ ಹಳೆಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಕೊಂಡು, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದ. ಊರಲ್ಲಿ ಇಳಿಯುವಾಗ ಕಾಲು ಎಷ್ಟು ಜೋಮು ಹಿಡಿದಿತ್ತೆಂದರೆ ಕಂಡಕ್ಟರ್ ಮೊದಲು ಪೆಟ್ಟಿಗೆಯನ್ನೂ ಆಮೇಲೆ ಅವನನ್ನೂ ಇಳಿಸಬೇಕಾಯಿತು. ಮೂರು ತಿಂಗಳಲ್ಲಿ ಸುಟ್ಟ ಟ್ರಾನ್ಸಿಸ್ಟರ್ ಬದಲಾಯಿಸಿದ, ಕಿಲುಬು ಉಜ್ಜಿದ, ಹೊಸ ವೈರು ಎಳೆದ. ದಿನಾ ಮಧ್ಯಾಹ್ನ ಎರಡಕ್ಕೆ ಮಿಲ್ಲಿನಿಂದ ಬಂದವನೇ ಅದನ್ನು ಹಚ್ಚಿ ಐದರವರೆಗೆ ಮುಂದೆ ಕೂರುತ್ತಿದ್ದ. ಹಾಡು ಹಾಕುವ ಮನಸ್ಸೇ ಬರುತ್ತಿರಲಿಲ್ಲ. ಗುಂಯ್ ಎಲ್ಲಿಂದ ಬರುತ್ತದೆಂದು ಕಿವಿಗೊಡುವುದರಲ್ಲೇ ಹೊತ್ತು ಹೋಗುತ್ತಿತ್ತು.

ಆ ಭಾನುವಾರ ಬೆಳಗ್ಗೆ ಮನೆ ಮಾಲೀಕ ಸೋಮಶೇಖರಪ್ಪ ಹಿತ್ತಲ ಕಡೆಯಿಂದ ಬಂದು ಬಾಗಿಲಲ್ಲಿ ನಿಂತ. ಮುಂದಿನ ಭಾಗದಲ್ಲಿ ಅವನ ಸಂಸಾರ, ಹಿಂದಿನ ಭಾಗದಲ್ಲಿ ಮುರುಗೇಂದ್ರಪ್ಪನದು. ನಡುವೆ ಒಂದೇ ಗೋಡೆ.

"ಮುರುಗೇಂದ್ರಪ್ಪೋರೆ, ನಾನು ಯಾರಿಗೂ ಒಂದು ಮಾತು ಅನ್ನೋನಲ್ಲ. ಆದ್ರೆ ಗೋಡೆ ಆಚೆ ನನ್ನ ಮಗಳು ಬಾಣಂತಿ ಅದಾಳೆ. ಮೂರು ತಿಂಗಳ ಕೂಸು ಮಧ್ಯಾಹ್ನ ಮಲಗೋ ಹೊತ್ತಿಗೇ ನಿಮ್ಮ ಪೆಟ್ಟಿಗೆ ಶುರು ಆಗ್ತತೆ. ಪಾಪ, ಅದು ಹೆಂಗೋ ತಡ್ಕೊಂಡು ಮಲಗ್ತತೆ. ಇವತ್ತು ಅಳಿಯಂದಿರು ಬರ್ತಾರೆ. ಅವರು ಬರೋದ್ರೊಳಗೆ ಸದ್ದಾದ್ರೂ ಹೋಗ್ಬೇಕು, ಪೆಟ್ಟಿಗೆಯಾದ್ರೂ ಹೋಗ್ಬೇಕು."

"ಪೆಟ್ಟಿಗೇನೇ ಹೋಗ್ಲಿ ಬಿಡ್ರಿ," ಎಂದು ಒಳಗಿನಿಂದ ಮುರುಗೇಂದ್ರಪ್ಪನ ಹೆಂಡತಿ ಸುಲೋಚನಮ್ಮ ಕೂಗಿದಳು. ಅವಳ ತವರಿನಿಂದ ಬಂದ ಮೇಜಿನ ಮೇಲೆ ಮೂರು ತಿಂಗಳಿಂದ ಆ ಪೆಟ್ಟಿಗೆ ಕೂತಿತ್ತು.

ಮುರುಗೇಂದ್ರಪ್ಪ ಹೆದರಲಿಲ್ಲ. ಕಾಯಿಲೆ ಯಾವುದೆಂದು ಅವನಿಗೆ ಕೊನೆಗೂ ಗೊತ್ತಾಗಿತ್ತು. ಕರೆಂಟನ್ನು ಸೋಸಿ ಒಳಗೆ ಬಿಡುವ ಎರಡು ದೊಡ್ಡ ಕಂಡೆನ್ಸರ್ ಒಣಗಿದ್ದವು. ಸೋಸದ ಕರೆಂಟೇ ಗುಂಯ್ ಎನ್ನುತ್ತಿತ್ತು. ಹಿಂದಿನ ದಿನವಷ್ಟೇ ಬೆಂಗಳೂರು ಬಸ್ಸಿನ ಡ್ರೈವರ್ ಕೈಲಿ ಮೂರು ಹೊಸ ಕಂಡೆನ್ಸರ್ ತರಿಸಿದ್ದ. ಎರಡು ಹಾಕಲು, ಒಂದು ಧೈರ್ಯಕ್ಕೆ.

ಹಳೆಯ ಎರಡನ್ನು ಕಿತ್ತು ಕಸದ ಬುಟ್ಟಿಗೆ ಹಾಕಿದ. ಹೊಸದನ್ನು ಕೂರಿಸಿ ಬೆಸುಗೆ ಕಡ್ಡಿ ಕೈಗೆತ್ತಿಕೊಂಡ ಕೂಡಲೇ ಕರೆಂಟು ಹೋಯಿತು.

ಆಗ ಬಂದವನು ಪಕ್ಕದ ಮನೆಯ ಜಂಬುಲಿಂಗಪ್ಪ. ಕರೆಂಟಿನ ಇಲಾಖೆಯಲ್ಲಿ ಮೂವತ್ತು ವರ್ಷ ಲೈನ್‌ಮನ್ ಆಗಿದ್ದು ನಿವೃತ್ತನಾದವನು. ಎತ್ತರದ ಕಂಬ ಹತ್ತಿದವನಿಗೆ ಮೇಜಿನ ಮೇಲಿನ ಪೆಟ್ಟಿಗೆ ಯಾವ ಲೆಕ್ಕ ಎಂಬುದು ಅವನ ನಂಬಿಕೆ.

"ಕರೆಂಟ್ ಯಾಕ್ರಿ ಬೇಕು ಇದಕ್ಕೆ? ಬಿಂದಿಗೆ ಬೆಸುಗೆ ಹಾಕೋರು ಏನ್ ಕರೆಂಟ್ ಇಟ್ಕೊಂಡಿರ್ತಾರಾ? ತಾಮ್ರದ ಕಡ್ಡಿ ತರ್ತೀನಿ, ಒಲೆಯೊಳಗೆ ಕಾಯಿಸೋಣ."

ಸುಲೋಚನಮ್ಮ ರೊಟ್ಟಿ ಸುಡುತ್ತಿದ್ದ ಒಲೆಗೆ ಕಡ್ಡಿ ತೂರಿತು. ಒಂದು ರೊಟ್ಟಿಗೊಮ್ಮೆ ಕಡ್ಡಿ ಒಳಗೆ, ಒಂದು ಬೆಸುಗೆಗೊಮ್ಮೆ ಕಡ್ಡಿ ಹೊರಗೆ. ಮೂರನೆಯ ರೊಟ್ಟಿ ಸೀದಾಗ ಅವಳು ಲಟ್ಟಣಿಗೆಯನ್ನು ಇಬ್ಬರಿಗೂ ಕಾಣುವ ಹಾಗೆ ಪಕ್ಕದಲ್ಲಿ ಇಟ್ಟುಕೊಂಡಳು. ಬೆಸುಗೆಯ ರಾಳ ಸುಟ್ಟ ಹೊಗೆ ಮಾಡಿನ ಸಂದಿಯಿಂದ ಆಚೆಯ ಬಾಣಂತಿ ಕೋಣೆಗೆ ಹೋಯಿತು. ಬೈಗುಳ ಬರುತ್ತದೆಂದು ಇವನು ಕಾದರೆ, ಮಗುವಿಗೆ ನೀರು ಹಾಕಲು ಬರುವ ಮುದುಕಿ ಹುಚ್ಚಕ್ಕ ಕಿಟಕಿಯಲ್ಲಿ ಇಣುಕಿ, "ಎಲ್ಲಿ ತಂದ್ಯಪ್ಪಾ ಈ ಲೋಬಾನ? ಘಮ್ ಅಂತತೆ. ನಮಗೂ ಇಷ್ಟು ಕೊಡು," ಎಂದಳು.

ಹನ್ನೆರಡಕ್ಕೆ ಕರೆಂಟು ಬಂತು. ಸ್ವಿಚ್ ಮುಟ್ಟುವ ಮೊದಲು ಮುರುಗೇಂದ್ರಪ್ಪ ಕಂಡೆನ್ಸರ್ ಮೈಮೇಲಿನ ಬಿಳಿ ಪಟ್ಟೆ ತೋರಿಸಿ ಜಂಬುಲಿಂಗಪ್ಪನನ್ನು ಅನುಮಾನದಿಂದ ಕೇಳಿದ.

"ಈ ಪಟ್ಟೆ ಇರೋ ಕಡೆ ಮೈನಸ್ ಅಲ್ವೇನ್ರಿ?"

"ಪಟ್ಟೆ ಅಂದ್ರೆ ಪ್ಲಸ್ಸು. ಪೊಲೀಸರ ತೋಳಿನ ಮೇಲೆ ಪಟ್ಟೆ ಯಾಕಿರ್ತತೆ? ದೊಡ್ಡೋರು ಅಂತ ತಾನೇ? ತಿರುಗಿಸಿ ಹಾಕ್ರಿ."

ಮೂವತ್ತು ವರ್ಷದ ಅನುಭವದ ಮುಂದೆ ತನ್ನ ಮೂರು ತಿಂಗಳ ಅನುಭವ ಎಷ್ಟರದು ಎಂದುಕೊಂಡು ಅವನು ನೋಡೋಣವೆಂದು ಒಂದನ್ನು ಮಾತ್ರ ತಿರುಗಿಸಿ ಹಾಕಿದ. ಸ್ವಿಚ್ ಒತ್ತಿದ. ಹತ್ತು ಎಣಿಸುವಷ್ಟರಲ್ಲಿ ಲಕ್ಷ್ಮೀ ಪಟಾಕಿ ಸಿಡಿದಂತೆ ಢಮ್ ಎಂದಿತು. ಕಂಡೆನ್ಸರ್‌ನ ಹೊಟ್ಟೆಯೊಳಗಿನ ಕಾಗದ ಚೂರುಚೂರಾಗಿ ಕೋಣೆಯಲ್ಲೆಲ್ಲ ಹಾರಿ, ಶೇಂಗಾ ಚಟ್ನಿಯ ಮೇಲೂ ಕೂತಿತು.

"ನಿಮ್ಮ ಕಂಡೆನ್ಸರ್ ಕ್ವಾಲಿಟಿ ಸರಿ ಇಲ್ರಿ," ಎಂದು ಜಂಬುಲಿಂಗಪ್ಪ ಮೀಸೆಯಿಂದ ಕಾಗದ ಬಿಡಿಸಿಕೊಂಡ.

ಧೈರ್ಯಕ್ಕೆಂದು ತರಿಸಿದ್ದು ಈಗ ಕೆಲಸಕ್ಕೆ ಬಂತು. ಈ ಸಲ ಮುರುಗೇಂದ್ರಪ್ಪ ಯಾರನ್ನೂ ಕೇಳದೆ ಪಟ್ಟೆಯನ್ನು ಮೈನಸ್ ಕಡೆಗೇ ಇಟ್ಟು ಬೆಸೆದ, ಹೊಸ ಫ್ಯೂಸ್ ಹಾಕಿದ. ಎರಡು ಗಂಟೆಗೆ ಸರಿಯಾಗಿ ಸ್ವಿಚ್ ಒತ್ತಿದ. ಸಣ್ಣ ದೀಪ ಹೊತ್ತಿತು. ಸದ್ದೇ ಇಲ್ಲ.

"ಸತ್ತೋತು ಬಿಡ್ರಿ," ಎಂದ ಜಂಬುಲಿಂಗಪ್ಪ.

ಮುರುಗೇಂದ್ರಪ್ಪ ಪೆಟ್ಟಿಗೆಗೆ ಟೇಪ್ ರೆಕಾರ್ಡರ್ ಜೋಡಿಸಿ, ವಚನ ಗಾಯನದ ಕ್ಯಾಸೆಟ್ ಹಾಕಿ ವಾಲ್ಯೂಮು ಕಡಿಮೆ ಇಟ್ಟ. ಹಾಡು ಶುರುವಾಗುವ ಮೊದಲು ಹಾಡುವವರು ಉಸಿರೆಳೆದುಕೊಂಡದ್ದು ಕೇಳಿಸಿತು. ಯಾರೋ ತಂಬೂರಿಯನ್ನು ಸರಿಸಿ ಕೂತದ್ದು ಕೇಳಿಸಿತು. ಆ ಕ್ಯಾಸೆಟ್ಟನ್ನು ಅವನು ಬೇರೆ ಕಡೆ ನೂರು ಸಲ ಕೇಳಿದ್ದ, ಆ ಉಸಿರು ಮಾತ್ರ ಎಂದೂ ಕೇಳಿರಲಿಲ್ಲ. ಅವನಿಗೆ ಎಷ್ಟು ಸಂತೋಷವಾಯಿತೆಂದರೆ ಜಂಬುಲಿಂಗಪ್ಪನನ್ನೂ ಕ್ಷಮಿಸಿಬಿಟ್ಟ. ಸುಲೋಚನಮ್ಮ ಕೂಡ ಕೈಯ ಹಿಟ್ಟು ಒರೆಸಿಕೊಳ್ಳುತ್ತ ಬಂದು ಬಾಗಿಲಿಗೆ ಒರಗಿ ನಿಂತಳು.

ಒಂದು ಹಾಡು ಮುಗಿಯುವಷ್ಟರಲ್ಲಿ ಗೋಡೆಯಾಚೆ ಮಗು ಅಳತೊಡಗಿತು.

ಮೂರು ತಿಂಗಳಲ್ಲಿ ಆ ಹೊತ್ತಿಗೆ ಅದು ಅತ್ತಿದ್ದೇ ಇಲ್ಲ. ಮುರುಗೇಂದ್ರಪ್ಪ ಹೆದರಿ ಕ್ಯಾಸೆಟ್ ನಿಲ್ಲಿಸಿದ. ಮಗು ಇನ್ನೂ ಜೋರಾಗಿ ಅತ್ತಿತು. ಆಚೆ ಹೊಟ್ಟೆಗೆ ಇಂಗು ಹಚ್ಚಿದರು, ಮೆಣಸಿನಕಾಯಿ ಸುಟ್ಟು ದೃಷ್ಟಿ ತೆಗೆದರು, ತೊಟ್ಟಿಲನ್ನು ಗೋಡೆಗೆ ಬಡಿಯುವಷ್ಟು ತೂಗಿದರು. ಅಳು ನಿಲ್ಲಲಿಲ್ಲ. ಮೂರು ಗಂಟೆಗೆ ಸೋಮಶೇಖರಪ್ಪ ಬಾಗಿಲಲ್ಲಿ ಪ್ರತ್ಯಕ್ಷನಾದ. ಹಿಂದೆ ಹುಚ್ಚಕ್ಕ.

"ಸದ್ದು ಪೂರ್ತಿ ಹೋಗೈತ್ರಿ, ಬೇಕಾದ್ರೆ ಕಿವಿ ಇಟ್ಟು ನೋಡ್ರಿ," ಎಂದು ಮುರುಗೇಂದ್ರಪ್ಪ ಮೊದಲೇ ಹೇಳಿದ.

"ಅದಕ್ಕೇ ಕಣಪ್ಪಾ ಬಂದಿರೋದು," ಎಂದಳು ಹುಚ್ಚಕ್ಕ. "ಹುಟ್ಟಿದಾಗಿಂದ ಆ ಜೇನಿನ ಸದ್ದು ಕೇಳ್ಕೊಂಡೇ ಕೂಸು ಮಲಗ್ತಿತ್ತು. ಇವತ್ತು ಅದಿಲ್ಲ. ನಿದ್ದೆ ಎಲ್ಲಿಂದ ಬರ್ಬೇಕು ಅದಕ್ಕೆ?"

ಸೋಮಶೇಖರಪ್ಪ ಯಾರ ಮುಖವನ್ನೂ ನೋಡಲಿಲ್ಲ. "ಆ ಗುಂಯ್ ಅನ್ನೋದನ್ನ ವಾಪಸ್ ಹಾಕ್ರಿ," ಎಂದ.

ಜಂಬುಲಿಂಗಪ್ಪ ತಾನೇ ಗೋಡೆಗೆ ಬಾಯಿಟ್ಟು ಗುಂಯ್ ಎಂದು ನೋಡಿದ. ಮಗು ಒಂದು ಕ್ಷಣ ಸುಮ್ಮನಾಗಿ, ಆಮೇಲೆ ಕಿಟಾರನೆ ಕಿರುಚಿತು. ಮುರುಗೇಂದ್ರಪ್ಪ ಅರ್ಥ್ ವೈರು ಬಿಚ್ಚಿ ಒಂದು ಗುಂಯ್ ಹುಟ್ಟಿಸಿದ. ಅದೂ ಸದ್ದೇ, ಆದರೆ ಬೇರೆ ಸದ್ದು, ದಪ್ಪನೆಯದು. ಮಗು ಒಪ್ಪಲಿಲ್ಲ. ಅದರ ಕಿವಿ ಇಲ್ಲಿದ್ದ ಎಲ್ಲರ ಕಿವಿಗಿಂತ ಚೆನ್ನಾಗಿತ್ತು. ಒಣಗಿದ ಹಳೆಯ ಕಂಡೆನ್ಸರ್‌ಗಳೇ ಬೇಕು ಎಂದು ಮುರುಗೇಂದ್ರಪ್ಪನಿಗೆ ಖಾತ್ರಿಯಾಯಿತು. ಕಸದ ಬುಟ್ಟಿ ನೋಡಿದರೆ ಖಾಲಿ. ಸುಲೋಚನಮ್ಮ ಆಗಲೇ ಹಿತ್ತಲ ತಿಪ್ಪೆಗೆ ಸುರಿದಿದ್ದಳು.

ಪರಶುರಾಂಪುರದ ಈರುಳ್ಳಿ ವ್ಯಾಪಾರಿ ಮಲ್ಲಿಕ್, ಆ ಮನೆಯ ಅಳಿಯ, ಜೀಪು ನಿಲ್ಲಿಸಿ ಒಳಬಂದಾಗ ಅವನ ಮಾವ ಬಿಳಿ ಪಂಚೆ ಎತ್ತಿಕಟ್ಟಿ ತಿಪ್ಪೆಯಲ್ಲಿ ಮೊಣಕಾಲವರೆಗೆ ಹೂತು ನಿಂತಿದ್ದ.

"ಏನ್ ಹುಡುಕ್ತಿದ್ದೀರಿ ಮಾವ?"

"ನಿದ್ದೆ," ಎಂದ ಸೋಮಶೇಖರಪ್ಪ, ಬೂದಿಯೊಳಗಿಂದ ಎರಡನೆಯ ಕಂಡೆನ್ಸರ್ ಎತ್ತುತ್ತ.

ಮುರುಗೇಂದ್ರಪ್ಪ ಮನಸ್ಸಿಲ್ಲದೆ ಹೊಸದನ್ನು ಕಿತ್ತು ಜೇಬಿಗೆ ಹಾಕಿಕೊಂಡು ಹಳೆಯದನ್ನು ಬೆಸೆದ. ಸ್ವಿಚ್ ಒತ್ತಿದ. ಗುಂಯ್ ಎಂದಿತು. ಆಚೆಯ ಅಳು ಬಿಕ್ಕಾಯಿತು, ಬಿಕ್ಕು ಆಕಳಿಕೆಯಾಯಿತು, ಆಮೇಲೆ ಏನೂ ಇಲ್ಲ. ಹುಚ್ಚಕ್ಕ ಅವನನ್ನು ಕರೆದೊಯ್ದು ತೊಟ್ಟಿಲು ತೋರಿಸಿದಳು. ಮುಷ್ಟಿ ಬಿಚ್ಚಿ, ಬಾಯಿ ಅರ್ಧ ತೆರೆದು ಮಗು ಮಲಗಿತ್ತು. ಇಷ್ಟು ದಿನ ತನ್ನ ಆಂಪ್ಲಿಫೈಯರನ್ನು ಬೇಡವೆನ್ನದೆ ಕೇಳಿದ ಜೀವ ಇದೊಂದೇ ಎನಿಸಿ ಅವನ ಬೇಸರ ಹೋಯಿತು. ಪೆಟ್ಟಿಗೆ ಉಳಿಯಿತು, ಗುಂಯ್ ಎಂದರೆ ಎನ್ನಲಿ. ಐದರ ಮೇಲೆ ಹೊಸ ಕಂಡೆನ್ಸರ್ ಹಾಕಿಕೊಂಡು ಹಾಡು ಕೇಳಿದರಾಯಿತು ಎಂದುಕೊಂಡ.

ಮಲ್ಲಿಕ್ ತೊಟ್ಟಿಲನ್ನೂ ಗೋಡೆಯನ್ನೂ ಒಮ್ಮೆ ನೋಡಿದ.

"ಬುಧವಾರ ದಿನ ಚೆನ್ನಾಗೈತೆ ಮಾವ. ತಾಯಿ ಮಗೂನ ಊರಿಗೆ ಕರ್ಕೊಂಡು ಹೋಗ್ತೀನಿ. ಅಲ್ಲಿ ಈ ಸದ್ದು ಇಲ್ವಲ್ಲ, ಪೆಟ್ಟಿಗೇನೂ ಜೀಪಿಗೆ ಹಾಕ್ಸಿ."

"ಅಳಿಯಂದಿರು ಬಾಯಿ ಬಿಟ್ಟು ಕೇಳ್ಯಾರೆ," ಎಂದ ಸೋಮಶೇಖರಪ್ಪ, ಮುರುಗೇಂದ್ರಪ್ಪನ ಹೆಗಲ ಮೇಲೆ ಬೂದಿಯ ಕೈ ಇಟ್ಟು. "ತೊಟ್ಟಿಲ ಜತೆ ಹೋಗೋ ಸಾಮಾನು. ಇಲ್ಲ ಅನ್ಬಾರ್ದು."

"ಎರಡು ಮೂಟೆ ಈರುಳ್ಳಿ ಕಳಿಸ್ತೀನಿ ಅಣ್ಣಾರೆ," ಎಂದ ಮಲ್ಲಿಕ್.

ಮುರುಗೇಂದ್ರಪ್ಪ ಬಾಯಿ ತೆರೆಯುವ ಮೊದಲೇ ಗೋಡೆಯಾಚೆಯಿಂದ ಸುಲೋಚನಮ್ಮನ ದನಿ ಬಂತು. "ಕಳಿಸ್ರಪ್ಪಾ, ಈರುಳ್ಳಿ ಹರವೋಕೆ ಮೇಜು ಖಾಲಿ ಆಗ್ತತೆ."

ಸಂಜೆ ಮಗು ಎದ್ದ ಮೇಲೆ ಮುರುಗೇಂದ್ರಪ್ಪ ಪೆಟ್ಟಿಗೆಯನ್ನು ಹತ್ತಿಬಟ್ಟೆಯಿಂದ ಒರೆಸಿದ. ಹೊಸ ಕಂಡೆನ್ಸರ್ ಎರಡೂ ಅಂಗಿಯ ಜೇಬಿನಲ್ಲಿ ಭಾರವಾಗಿದ್ದವು. ಪರಶುರಾಂಪುರದಲ್ಲಿ ತನ್ನಂಥ ರಿಪೇರಿ ಹುಚ್ಚಿನವನು ಇನ್ನೊಬ್ಬ ಇದ್ದರೆ ಮಗುವಿನ ಗತಿ ಏನೆಂದು ಅವನಿಗೆ ಚಿಂತೆಯಾಯಿತು. ಒಂದು ಬಿಳಿ ಚೀಟಿ ತೆಗೆದು, ಮಿಲ್ಲಿನ ಲೆಕ್ಕ ಬರೆಯುವ ದುಂಡನೆಯ ಅಕ್ಷರದಲ್ಲಿ ಬರೆದು ಮುಚ್ಚಳಕ್ಕೆ ಅಂಟಿಸಿದ:

"ಇದು ಸರಿಯಾಗಿದೆ. ಯಾರೂ ರಿಪೇರಿ ಮಾಡಬಾರದು."